ಬಾಯ್ಲರವ್ವನ ತೋಳಿನ ಗಂಟೆಗಳು

ಉದಗೀರದ ಶಾಂತವೀರಪ್ಪ ಸಾವಕಾರರ ಹತ್ತಿ ಕಾರಖಾನೆಗೆ ಸರಕಾರದ ಬಾಯ್ಲರ್ ಇನ್ಸ್‌ಪೆಕ್ಟರು ಬರುತ್ತಾರೆ ಎಂಬ ಕಾಗದ ಬಂದ ದಿನ ಸಾವಕಾರರಿಗೆ ಊಟ ಸೇರಲಿಲ್ಲ. ರೇವಣಪ್ಪನಿಗೆ ಮಾತ್ರ ಒಂದು ರೊಟ್ಟಿ ಹೆಚ್ಚೇ ಸೇರಿತು. ತುರೋರಿಯ ಹೊಲ ಬಿಟ್ಟು ಬಂದು ಹನ್ನೊಂದು ವರ್ಷದಿಂದ ಆ ಬಾಯ್ಲರಿನ ಒಲೆಗೆ ಕಟ್ಟಿಗೆ ಹಾಕುತ್ತ, ನೀರು ನೋಡುತ್ತ, ಉಗಿ ಏಳಿಸುತ್ತ ಇದ್ದವನು ಅವನು. ಹೈದರಾಬಾದಿನ ದೊಡ್ಡ ಮನುಷ್ಯನೊಬ್ಬ ತನ್ನ ಕೆಲಸ ನೋಡಲಿಕ್ಕೆಂದೇ ಅಷ್ಟು ದೂರ ಬರುತ್ತಾನಲ್ಲ ಎಂದು ಅವನಿಗೆ ಹಿಗ್ಗು. ತಪ್ಪು ಹಿಡಿಯಲಿಕ್ಕೂ ಬರಬಹುದೆಂದು ಹೊಳೆಯಲೇ ಇಲ್ಲ. ತಾನು ತಪ್ಪು ಮಾಡಿದ್ದೇನೆ ಎಂದು ಗೊತ್ತಿದ್ದರಲ್ಲವೇ ಹೊಳೆಯುವುದು!

ನಿಜಾಮ ಸರಕಾರದ ಕಾಯಿದೆ ಹೊಸದು. ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು, ಮೋಹರು ಬೀಳಬೇಕು, ಆಮೇಲೆಯೇ ಬಾಯ್ಲರಿಗೆ ಬೆಂಕಿ. ಸಾವಕಾರರಿಗೆ ಕಾಯಿದೆ ಎಂದರೆ ಕಣ್ಣಿನಲ್ಲಿ ಬಿದ್ದ ಕಸ.

"ನಮ್ಮ ಒಲಿ ನಾವು ಹಚ್ಚಲಾಕೂ ಸರಕಾರದ ಹುಕುಮ ಬೇಕಾಗ್ಯಾದ ನೋಡು ರೇವಣಪ್ಪ. ನಾಳಿ ಉಗುಳಲಾಕೂ ಕೇಳಬೇಕಾಗ್ತದ," ಎಂದು ಅವರು ಎಲೆಯಡಿಕೆ ಉಗುಳಿ ಒಳಗೆ ಹೋದರು.

ಬಾಯ್ಲರ್ ಎಂದರೆ ಅದೇನು ಸಣ್ಣ ಹಂಡೆಯಲ್ಲ. ಎರಡು ಬಂಡಿಗಳನ್ನು ಹಿಂದೆಮುಂದೆ ನಿಲ್ಲಿಸಿದಷ್ಟು ಉದ್ದ, ಆಳಿಗಿಂತ ಎತ್ತರ. ವಿಲಾಯತಿಯಿಂದ ಹಡಗಿನಲ್ಲಿ ಬಂದು, ಕಡೆಗೆ ಇಪ್ಪತ್ತು ಜೋಡಿ ಎತ್ತು ಎಳೆದು ತಂದು ನಿಲ್ಲಿಸಿದ ಕಬ್ಬಿಣದ ಒಡಲು. ಒಳಗೆ ನೀರು, ಕೆಳಗೆ ಬೆಂಕಿ. ಆ ಉಗಿ ಇಂಜಿನನ್ನು ತಿರುಗಿಸುತ್ತದೆ, ಇಂಜಿನು ಗೋಡೆಯಾಚೆ ಸಾಲಾಗಿ ನಿಂತ, ಹತ್ತಿ ಬಿಡಿಸುವ ಮೂವತ್ತು ಜಿನ್ನುಗಳನ್ನು ತಿರುಗಿಸುತ್ತದೆ. ಒಂದೊಂದು ಜಿನ್ನಿನ ಮುಂದೆ ಒಬ್ಬೊಬ್ಬ ಹೆಂಗಸು ಕೂತು ಹತ್ತಿ ಉಣಿಸಿದರೆ ಈ ಕಡೆ ಅರಳೆ, ಆ ಕಡೆ ಸರಕಿ ಬೀಜ. ಗೋಡೆಗೆ ಅಂಟಿಕೊಂಡ ಕೊನೆಯ ಜಿನ್ನು ರೇವಣಪ್ಪನ ಮಗಳು ಪ್ರಯಾಗಬಾಯಿಯದು. ಅಪ್ಪ ಈ ಕಡೆ, ಮಗಳು ಆ ಕಡೆ, ನಡುವೆ ಒಂದೂವರೆ ಇಟ್ಟಿಗೆಯ ಗೋಡೆ.

ಬಾಯ್ಲರಿನ ನೆತ್ತಿಯ ಮೇಲೆ ಒಂದು ಮುಚ್ಚಳ. ಅದನ್ನು ಒತ್ತಿ ಹಿಡಿಯಲು ಉದ್ದನೆಯ ಕಬ್ಬಿಣದ ತೋಳು, ತೋಳಿನ ತುದಿಗೆ ಒಂದು ಗುಂಡು. ಒಳಗೆ ಉಗಿ ಅತಿಯಾದಾಗ ಮುಚ್ಚಳ ತಾನಾಗಿ ಎದ್ದು ಹೆಚ್ಚಿನದನ್ನು ಹೊರಗೆ ಬಿಡಬೇಕು. ಬಿಡದಿದ್ದರೆ ಬಾಯ್ಲರೇ ಒಡೆಯುತ್ತದೆ. ಇದಕ್ಕೆ ಸೇಫ್ಟಿ ಎಂದು ಹೆಸರು. ಆ ತೋಳಿಗೆ ಮೊದಲ ಗಂಟೆ ಕಟ್ಟಿದವನು ರೇವಣಪ್ಪ.

ಅದು ಪ್ಲೇಗಿನ ವರ್ಷ. ಹೆಂಡತಿಯನ್ನು ಮಣ್ಣಿಗೆ ಕೊಟ್ಟು ಎರಡು ದಿನವಾಗಿರಲಿಲ್ಲ, ಎಂಟು ವರ್ಷದ ಪ್ರಯಾಗಬಾಯಿಯ ಕಂಕುಳಲ್ಲಿ ಗಂಟು ಕಾಣಿಸಿತು. ಒಲೆ ಬಿಟ್ಟು ಹೋಗುವಂತಿಲ್ಲ, ಮನೆಯಲ್ಲಿ ಮಗು ಬೇಯುತ್ತಿದೆ. ರೇವಣಪ್ಪ ಬಾಯ್ಲರಿನ ಬಿಸಿ ತಗಡಿನ ಮುಂದೆಯೇ ಕೈ ಮುಗಿದು, "ಅವ್ವಾ, ಇದೊಂದು ಜೀವ ಉಳಿಸು" ಎಂದುಬಿಟ್ಟ. ಕೂಸು ಉಳಿಯಿತು. ಊರಿನಿಂದ ತಂದಿದ್ದ ಎತ್ತಿನ ಕೊರಳ ಗಂಟೆಯನ್ನು ಅವನು ಆ ತೋಳಿಗೆ ಕಟ್ಟಿದ. ಅಂದಿನಿಂದ ಬಾಯ್ಲರು ಬಾಯ್ಲರವ್ವ ಆಯಿತು. ಜಿನ್ನಿನ ಹೆಂಗಸರೂ ಹರಕೆ ಹೊತ್ತರು, ಕಟ್ಟಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಕಬ್ಬಿಣದ ದೇವರು ಬೇರೆ ಬೇಕೇ ಎಂದು ಮಠದ ರಾಚಯ್ಯನವರು ಗೊಣಗಿದ್ದುಂಟು. ಆದರೆ ಅವರ ಸೊಸೆಯ ಹರಕೆ ಗಂಟೆಯೂ ಅಲ್ಲೇ ತೂಗುತ್ತಿತ್ತು, ಅದಕ್ಕೇ ಅವರು ಮೆಲ್ಲಗೆ ಗೊಣಗುತ್ತಿದ್ದರು.

ಇದರಲ್ಲಿ ಒಂದು ಅನುಕೂಲವೂ ಸಿಕ್ಕಿತು. ಉಗಿ ತುಂಬಿ ಮುಚ್ಚಳ ಅದುರತೊಡಗಿದರೆ ತೋಳು ನಡುಗಿ ಗಂಟೆಗಳು ಕಿಣಿಕಿಣಿ ಎನ್ನುತ್ತಿದ್ದವು. ರೇವಣಪ್ಪ ಆಗ ಕಟ್ಟಿಗೆ ಹಿಂದಕ್ಕೆಳೆಯುತ್ತಿದ್ದ. ಒತ್ತಡ ತೋರಿಸುವ ಮುಳ್ಳಿನ ಗಡಿಯಾರ ಮೂರು ವರ್ಷದ ಹಿಂದೆ ಕೆಟ್ಟು ನಿಂತಾಗ ಸಾವಕಾರರು, "ಗಂಟಿ ಬಾರಸ್ತದಲ್ಲ, ಮುಳ್ಳ ಯಾಕ ಬೇಕು?" ಎಂದಿದ್ದರು. ರೇವಣಪ್ಪನಿಗೂ ಹೌದೆನಿಸಿತ್ತು. ಈಚೆಗೆ ಎರಡು ವರ್ಷದಿಂದ ಗಂಟೆ ಬಾರಿಸುವುದು ಕಡಿಮೆಯಾಗಿತ್ತು. ಅವ್ವ ಶಾಂತಳಾಗಿದ್ದಾಳೆ ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ. ಈ ದಸರೆಗೆ ಸಾವಕಾರರ ಹೆಂಡತಿ ಕಸ್ತೂರಬಾಯಿ ಎರಡು ಸೇರು ತೂಕದ ಹಿತ್ತಾಳೆ ಗಂಟೆ ಕಟ್ಟಿಸಿದ್ದರು. ಅದಾದ ಮೇಲೆ ಬಾಯ್ಲರಿಗೆ ಇನ್ನೂ ಬೆಂಕಿ ಬಿದ್ದಿರಲಿಲ್ಲ. ದೀಪಾವಳಿ ಮುಗಿದ ಸೋಮವಾರ ಹಂಗಾಮು ಶುರು.

ಇನ್ಸ್‌ಪೆಕ್ಟರು ಶನಿವಾರ ಬೆಳಿಗ್ಗೆ ಬಂದರು. ಗತ್ತಿನ ಅಧಿಕಾರಿಯನ್ನು ಕಾಯುತ್ತಿದ್ದವರ ಮುಂದೆ ಟಾಂಗಾದಿಂದ ಇಳಿದದ್ದು ಒಣಕಲು ಮುದುಕ. ಬೀದರಿನವರಂತೆ, ಕನ್ನಡ ಬಾಯಲ್ಲೇ ಇತ್ತು. ಸಾವಕಾರರು ಫಳಾರಕ್ಕೆ ಕರೆದರೆ, "ಮೊದಲ ಕೆಲಸ, ಆಮ್ಯಾಲ ಫಳಾರ" ಎಂದು ಶೇರವಾನಿ ಬಿಚ್ಚಿ ಮೊಳೆಗೆ ನೇತುಹಾಕಿ, ಹಳೆಯ ಪಾಯಿಜಾಮದಲ್ಲೇ ನಿಂತರು. ಬಾಯ್ಲರಿನ ಹೊಟ್ಟೆಯ ಮೇಲಿನ ಆಳುಗಂಡಿಯ ಮುಚ್ಚಳ ತೆಗೆಸಿ, ಒಂದು ಲಾಟೀನು, ಒಂದು ಸಣ್ಣ ಸುತ್ತಿಗೆ ಹಿಡಿದು, ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ತಲೆ ಇಳಿಸಿ ಮಾಯವಾದರು.

ರೇವಣಪ್ಪ ಬಾಯಿ ಬಿಟ್ಟು ನಿಂತ. ಆ ಹೊಟ್ಟೆಯೊಳಗೆ ತುಕ್ಕು ಕೆರೆಯಲು ಅವನು ಎಷ್ಟೋ ಸಲ ಇಳಿದಿದ್ದ. ಆದರೆ ಅದು ಕೂಲಿಯವನ ಕೆಲಸ. ಸರಕಾರದ ಮೋಹರು ಕೈಯಲ್ಲಿರುವ ಮನುಷ್ಯ ತಾನೇ ಆ ಕತ್ತಲೆಗೆ ಇಳಿಯುವುದೇ? ಒಳಗಿನಿಂದ ಸುತ್ತಿಗೆಯ ಸದ್ದು ಬರತೊಡಗಿತು. ಠಣ್. ಠಣ್. ಠಣ್. ಒಂದೊಂದು ತಗಡು, ಒಂದೊಂದು ಮೊಳೆ. ಒಂದು ತಾಸು, ಒಂದೂವರೆ ತಾಸು. ಕಾರಖಾನೆ ಗುಡಿಸಲು ಬಂದಿದ್ದ ಹೆಂಗಸರು ಕಸಬರಿಗೆ ಹಿಡಿದೇ ಕೇಳುತ್ತ ನಿಂತರು. ಗೋಡೆಯ ಕಡೆಗೆ ಬಂದಾಗ ಸದ್ದು ಬದಲಾಯಿತು. ಡಬ್. ಮತ್ತೆ ಅದೇ ಜಾಗದಲ್ಲಿ, ಡಬ್. ರೇವಣಪ್ಪ ತಗಡಿಗೆ ಕಿವಿ ಹಚ್ಚಿದ. ಹನ್ನೊಂದು ವರ್ಷದಲ್ಲಿ ಬಾಯ್ಲರಿನಿಂದ ಅಂಥ ದನಿ ಅವನು ಕೇಳಿರಲಿಲ್ಲ. ಬಡಿದು ನೋಡಿದ್ದರೆ ತಾನೇ ಕೇಳುವುದು?

ಮುದುಕರು ಮೈಯೆಲ್ಲ ತುಕ್ಕಿನ ಕೆಂಪಾಗಿ ಹೊರಬಂದರು. ಏಣಿ ಹತ್ತಿ ಸೇಫ್ಟಿಯ ತೋಳಿನ ಮುಂದೆ ನಿಂತು ಗಂಟೆಗಳನ್ನು ಒಂದೊಂದಾಗಿ ನೋಡಿದರು. ಗದರಿಸಲಿಲ್ಲ. ಅವರ ಮುಖ ಬಿಳಿಚಿದ್ದನ್ನು ಮಾತ್ರ ರೇವಣಪ್ಪ ಕಂಡ.

"ಇವು ಯಾರು ಕಟ್ಯಾರಪ್ಪ?"

"ಹರಕಿ ಗಂಟಿ ರೀ ಸಾಹೇಬ್ರ. ಮೊದಲಿಂದು ನಂದೇ. ಇದು ಬಾರಸ್ತು ಅಂದ್ರ ಉಗಿ ತುಂಬ್ಯಾದ ಅಂತ ತಿಳೀತದ. ಎರಡು ವರ್ಷ ಆತು, ಅವ್ವ ಭಾಳ ಶಾಂತ ಆಗ್ಯಾಳ. ಬಾರಸೋದೇ ಇಲ್ಲ," ಎಂದ ರೇವಣಪ್ಪ, ಸ್ವಲ್ಪ ಹೆಮ್ಮೆಯಿಂದಲೇ.

"ಶಾಂತ ಆಗಿಲ್ಲೋ ತಮ್ಮಾ," ಎಂದರು ಮುದುಕರು. "ನೀವೆಲ್ಲ ಕೂಡಿ ಆಕಿ ಬಾಯಿ ಒತ್ತಿ ಹಿಡಿದೀರಿ."

ರೇವಣಪ್ಪನಿಗೆ ತಿಳಿಯಲಿಲ್ಲ. ಅವರು ಹತ್ತಿ ತೂಗುವ ಕೋಲುತಕ್ಕಡಿಯತ್ತ ಕೈ ತೋರಿಸಿದರು. ಕೋಲಿನ ತುದಿಯ ಸಣ್ಣ ಗುಂಡು ಈ ಕಡೆಯ ದೊಡ್ಡ ಹತ್ತಿ ಪಿಂಡಿಯನ್ನು ಹೇಗೆ ಎತ್ತಿ ಹಿಡಿಯುತ್ತದೋ ಹಾಗೆಯೇ ಇಲ್ಲಿಯೂ. ತೋಳಿನ ತುದಿಗೆ ಒಂದು ಸೇರು ಕಟ್ಟಿದರೆ ಮುಚ್ಚಳದ ಮೇಲೆ ಹತ್ತು ಸೇರು ಕೂಡುತ್ತದೆ. ಎಂಬತ್ತು ಪೌಂಡು ಒತ್ತಡಕ್ಕೆ ಏಳಬೇಕಾದ ಮುಚ್ಚಳ ಈಗ ಎಷ್ಟಕ್ಕೆ ಏಳುತ್ತದೋ ದೇವರೇ ಬಲ್ಲ.

"ಇವು ಬಿಚ್ಚಿದ ಮ್ಯಾಲೇ ಮೋಹರು. ಅಲ್ಲೀ ತನಕ ಒಲಿಗಿ ಒಂದು ಕಡ್ಡಿ ಹಾಕಬ್ಯಾಡ್ರಿ."

ಅಷ್ಟರಲ್ಲಿ ಸುದ್ದಿ ಜಿನ್ನಿನ ಹೆಂಗಸರಿಗೆಲ್ಲ ಮುಟ್ಟಿತ್ತು. ಅವರ ಕೆಲಸ ನೋಡಿಕೊಳ್ಳುವ ಮುಕಾದಮಳಾದ ಮುಕ್ತಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಎದುರಿಗಿರುವವರು ಸಾವಕಾರರಾದರೂ ಸರಿ, ಸರಕಾರವಾದರೂ ಸರಿ, ಆಕೆಯ ದನಿ ಒಂದೇ.

"ಸಾಹೇಬ್ರ, ಕಟ್ಟಿದ ಹರಕಿ ಬಿಚ್ಚಿದ್ರ ಹೋದ ಬ್ಯಾನಿ ಹೊಳ್ಳಿ ಮನಿ ಹುಡುಕೊಂಡು ಬರ್ತದ. ನಮ್ಮ ಮಂದಿ ಯಾರೂ ಮುಟ್ಟಂಗಿಲ್ಲ. ನೀವು ಬಿಚ್ಚಿಸಿದ್ರ ಸೋಮವಾರ ಒಬ್ಬಾಕಿನೂ ಜಿನ್ನಿನ ಮುಂದ ಕೂಡಂಗಿಲ್ಲ."

ಸಾವಕಾರರು ಇನ್ಸ್‌ಪೆಕ್ಟರನ್ನು ಪಕ್ಕಕ್ಕೆ ಕರೆದು, "ಅದರಾಗ ನಮ್ಮ ಮನ್ಯಾಕಿ ಗಂಟಿನೂ ಅದ ರೀ, ಮನ್ಯಾಗ ನಾ ಇರಬೇಕಲ್ಲ" ಎಂದು ಬೇಡಿಕೊಂಡರು. ಇನ್ಸ್‌ಪೆಕ್ಟರು ರೇವಣಪ್ಪನ ಕಡೆ ನೋಡಿದರು. ರೇವಣಪ್ಪ ಮಗಳ ಕಡೆ ನೋಡಿದ. ಪ್ರಯಾಗಬಾಯಿ ಹೆಂಗಸರ ಸಾಲಿನ ತುದಿಗೆ ನಿಂತಿದ್ದಳು. ಹದಿನೇಳು ವರ್ಷ, ಹೋದ ವೈಶಾಖದಲ್ಲಷ್ಟೇ ಲಗ್ನವಾಗಿತ್ತು, ಗಂಡ ಅದೇ ಕಾರಖಾನೆಯ ಹಮಾಲ. ಅವಳ ಜೀವ ಆ ಎತ್ತಿನ ಗಂಟೆಯಿಂದಲೇ ಉಳಿದಿದೆ ಎಂದು ರೇವಣಪ್ಪ ಒಂಬತ್ತು ವರ್ಷ ನಂಬಿಕೊಂಡು ಬದುಕಿದ್ದ. ಕೈ ಹೇಗೆ ಬಂದೀತು?

"ನನ್ನಿಂದ ಆಗಂಗಿಲ್ರಿ," ಎಂದ.

ಇನ್ಸ್‌ಪೆಕ್ಟರು ಸಿಟ್ಟಾಗಲಿಲ್ಲ. ತಣ್ಣೀರು ತುಂಬಿರಿ ಎಂದರು. ಗಂಟೆ ಕಟ್ಟಿದ ತೋಳನ್ನು ಹಾಗೆಯೇ ಬಿಟ್ಟು ಬಾಯ್ಲರಿಗೆ ಕಂಠದ ತನಕ ನೀರು ತುಂಬಿಸಿ, ಆಳುಗಂಡಿಯನ್ನೂ ಎಲ್ಲ ನಳಗಳನ್ನೂ ಮುಚ್ಚಿಸಿ, ತಾವು ತಂದಿದ್ದ ಹೊಸ ಮುಳ್ಳಿನ ಗಡಿಯಾರ ಜೋಡಿಸಿ, ಕೈಪಂಪು ಹಚ್ಚಿದರು. ಬಾಯ್ಲರಿನ ಸುತ್ತಿನ ಕಟ್ಟೆಯಿಂದ ಗೋಡೆಯ ಕಡೆ ನಾಲ್ಕು ಇಟ್ಟಿಗೆ ಬಿಚ್ಚಿಸಿ, ಆ ಡಬ್ ಎಂದ ತಗಡು ಕಾಣುವಂತೆ ಲಾಟೀನು ಇಟ್ಟರು.

"ತಣ್ಣೀರಿನ್ಯಾಗ ಕಬ್ಬಿಣ ಸೋತರ ಬರೇ ಸೋರ್ತದ. ಉಗಿಯಾಗ ಸೋತರ ಈ ಗೋಡಿ ಇರಂಗಿಲ್ಲ, ಗೋಡಿ ಆ ಕಡಿ ಕೂತೋರೂ ಇರಂಗಿಲ್ಲ. ನೀ ಪಂಪ ಹೊಡಿ ರೇವಣಪ್ಪ. ಗಂಟಿ ಬಾರಿಸೋ ತನಕ ಹೊಡಿ. ನೋಡಮು."

ರೇವಣಪ್ಪ ಪಂಪು ಹೊಡೆದ. ಮುಳ್ಳು ಐವತ್ತಕ್ಕೆ ಬಂತು, ಅರವತ್ತಕ್ಕೆ ಬಂತು. ಎಲ್ಲರ ಕಣ್ಣೂ ಮೇಲಿನ ತೋಳಿನ ಕಡೆಗೆ. ಎಂಬತ್ತು. ಗಂಟೆಗಳು ಮಿಸುಕಲಿಲ್ಲ. ಎಂಬತ್ತೈದು. ಪಂಪಿನ ಹಿಡಿ ಬಿರುಸಾಯಿತು, ರೇವಣಪ್ಪನ ಬೆನ್ನು ಒದ್ದೆಯಾಯಿತು. ತೊಂಬತ್ತು. ಗಂಟೆಗಳು ಇನ್ನೂ ಸುಮ್ಮನೆ. ಆಗ ಪ್ರಯಾಗಬಾಯಿ ಸಣ್ಣಗೆ ಕೂಗಿದಳು.

"ಅಪ್ಪಾ, ಇಲ್ಲಿ ನೋಡು!"

ಲಾಟೀನಿನ ಬೆಳಕಿನಲ್ಲಿ ಬಾಯ್ಲರಿನ ತಗಡು ಬೆವರುತ್ತಿತ್ತು. ಎಲ್ಲಿಯೂ ಬಿರುಕಿಲ್ಲ, ತೂತಿಲ್ಲ. ಆ ಕಪ್ಪು ಕಬ್ಬಿಣದ ಮೈಯೊಳಗಿನಿಂದಲೇ ಸಾಸಿವೆ ಗಾತ್ರದ ಹನಿಗಳು ಒಂದೊಂದಾಗಿ ಮೂಡಿ, ದೊಡ್ಡದಾಗಿ, ಒಂದನ್ನೊಂದು ಕೂಡಿ, ಗೆರೆಯಾಗಿ ಇಳಿದವು. ಮನುಷ್ಯನ ಹಣೆಯ ಬೆವರೇ. ಮುಕ್ತಾಬಾಯಿಯ ಕೈ ತಾನಾಗಿ ಎದೆಯ ಲಿಂಗಕ್ಕೆ ಹೋಯಿತು. ಇಪ್ಪತ್ತು ಜೋಡಿ ಎತ್ತು ಎಳೆದು ಸುಸ್ತಾದ ಆ ಕಬ್ಬಿಣ, ಅಷ್ಟು ಬಲದ್ದು, ಹೀಗೆ ಮೆತ್ತಗೆ ಅಳುವುದನ್ನು ಅವರಾರೂ ಕನಸಿನಲ್ಲೂ ಕಂಡಿರಲಿಲ್ಲ.

"ಗಂಟಿ ಬಾರಸ್ತೇನು?" ಎಂದು ಕೇಳಿದರು ಇನ್ಸ್‌ಪೆಕ್ಟರು.

"ಇಲ್ರಿ," ಎಂದ ರೇವಣಪ್ಪ.

"ಇನ್ನೂ ಹೊಡಿತಿಯೇನು?"

ರೇವಣಪ್ಪ ಪಂಪಿನ ಹಿಡಿ ಬಿಟ್ಟುಬಿಟ್ಟ. ಬಿಚ್ಚಿದ ಇಟ್ಟಿಗೆಗಳ ಸಂದಿಯ ಎದುರಿನ ಗೋಡೆಯನ್ನು ನೋಡಿದ. ಅದರ ಆಚೆ ಮಗಳ ಜಿನ್ನು. ಅವ್ವ ಗಂಟೆ ಬಾರಿಸಿ ಎಚ್ಚರಿಸುತ್ತಾಳೆ ಎಂದು ನಂಬಿ ಸೋಮವಾರ ಅವನು ಕಟ್ಟಿಗೆಯ ಮೇಲೆ ಕಟ್ಟಿಗೆ ಒಟ್ಟುತ್ತಿದ್ದ. ಗಂಟೆ ಬಾರಿಸುವ ಮೊದಲೇ ಈ ತಗಡು ಹೋಗುತ್ತಿತ್ತು. ಮಗಳನ್ನು ಕೊಲ್ಲುವುದಕ್ಕೆ ಇದ್ದವನು ತಾನು, ಅದೂ ಕೈ ಮುಗಿದುಕೊಂಡು, ವಿಭೂತಿ ಹಚ್ಚಿಕೊಂಡು. ಅವನು ಹೋಗಿ ಏಣಿಯನ್ನು ಹಿಡಿದುಕೊಂಡ. ಹಿಡಿದ ಮೇಲೆ ಹತ್ತಿದ.

ಗಂಟೆಯ ಹಗ್ಗ ಒಂಬತ್ತು ವರ್ಷದ ಎಣ್ಣೆ ಮಸಿಗೆ ಕಬ್ಬಿಣದಂತೆ ಬಿಗಿದಿತ್ತು. ಉಗುರು ಮುರಿಯಿತು, ಗಂಟು ಬಿಚ್ಚಲಿಲ್ಲ. ಕಡೆಗೆ ಹಲ್ಲಿನಿಂದ ಕಚ್ಚಿ ಎಳೆದ. ಗಂಟೆ ಕೈಗೆ ಬಂದಾಗ ಅವನು ಕಣ್ಣು ಮುಚ್ಚಿದ್ದ. ತೆರೆಯಲು ಧೈರ್ಯ ಸಾಲಲಿಲ್ಲ.

"ಪ್ರಯಾಗಾ, ಅದಿಯೇನವ್ವ?" ಎಂದು ಮೇಲಿನಿಂದಲೇ ಕೇಳಿದ.

"ಇಲ್ಲೇ ಅದೀನಿ ಅಪ್ಪ, ಎಲ್ಲಿ ಹೋಗ್ಲಿ? ಇಳಿ ಕೆಳಗ," ಎಂದಳು ಮಗಳು.

ಆಗ ಮುಕ್ತಾಬಾಯಿ ಏಣಿಯ ಬುಡಕ್ಕೆ ಬಂದು, "ಸರಿ, ನಂದು ನಾ ಬಿಚ್ಚತೀನಿ. ನನ್ನ ಹರಕಿಗಿ ಮತ್ತೊಬ್ಬರ ಕೈ ಯಾಕ?" ಎಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹತ್ತಿದರು. ಕಸ್ತೂರಬಾಯಿಯವರ ದೊಡ್ಡ ಗಂಟೆ ಮಾತ್ರ ಉಳಿಯಿತು, ಅದನ್ನು ಮುಟ್ಟಲು ಯಾರಿಗೂ ಎದೆಯಿಲ್ಲ. ಸಾವಕಾರರೇ ಧೋತರ ಎತ್ತಿ ಕಟ್ಟಿ, ಏಣಿಯ ಒಂದೊಂದು ಮೆಟ್ಟಿಲಿಗೂ ಶಿವಶಿವಾ ಎನ್ನುತ್ತ ಹತ್ತಿದರು. ಇಳಿಯುವಾಗ ಇಬ್ಬರು ಹಮಾಲರು ಸೊಂಟ ಹಿಡಿದು ಇಳಿಸಬೇಕಾಯಿತು. ಹೆಂಗಸರು ಸೆರಗಿನಲ್ಲಿ ನಕ್ಕರು. ಆ ದಿನ ಮೊದಲ ಸಲ ಅಲ್ಲಿ ನಗು ಕೇಳಿಸಿತು.

ಗಂಟೆಗಳನ್ನು ತಕ್ಕಡಿಗೆ ಹಾಕಿದರೆ ಒಟ್ಟು ಒಂಬತ್ತು ಸೇರು. ಬರಿದಾದ ತೋಳನ್ನಿಟ್ಟು ಮತ್ತೆ ಪಂಪು ಹೊಡೆದಾಗ ಮುಚ್ಚಳ ಬರೋಬ್ಬರಿ ಎಂಬತ್ತಕ್ಕೆ ಎದ್ದು ತಣ್ಣೀರು ಚಿಮ್ಮಿತು. ಆದರೆ ಸೋತ ತಗಡಿಗೆ ಎಂಬತ್ತೂ ಹೆಚ್ಚೆಂದು ಇನ್ಸ್‌ಪೆಕ್ಟರು ಕಾಗದ ಬರೆದರು: ತಗಡು ಬದಲಿಸಬೇಕು, ಹೊಸ ಗಡಿಯಾರ ಕೂಡಿಸಬೇಕು, ಆಮೇಲೂ ಎಪ್ಪತ್ತಕ್ಕಿಂತ ಮೇಲೆ ಹೋಗಬಾರದು. ಹತ್ತಿಯ ಬಂಡಿಗಳು ಬಂದು ನಿಂತಿವೆ ಎಂದು ಸಾವಕಾರರು ತಲೆ ಚಚ್ಚಿಕೊಂಡರು. "ನಿಂದ್ರಲಿ," ಎಂದರು ಮುದುಕರು, ಅಷ್ಟೇ.

ಹದಿನಾರು ದಿನ ಹಿಡಿಯಿತು. ಹೈದರಾಬಾದಿನ ಕಮ್ಮಾರರು ಬಂದು ಹಳೆಯ ತಗಡು ಕತ್ತರಿಸಿ ತೆಗೆದರು. ರೇವಣಪ್ಪ ಅದನ್ನು ಕೈಯಲ್ಲಿ ಹಿಡಿದು ನೋಡಿದ. ಒಂದು ಕಡೆ ಬೆರಳಿನಷ್ಟು ದಪ್ಪ, ಇನ್ನೊಂದು ಕಡೆ ಜೋಳದ ರೊಟ್ಟಿಗಿಂತ ತೆಳ್ಳಗೆ. ಆ ರೊಟ್ಟಿಯ ದಪ್ಪದ ಈಚೆಗೆ ಉಗಿ, ಆಚೆಗೆ ಮಗಳು. ಎರಡು ದಿನ ಅವನಿಗೆ ಅನ್ನ ಇಳಿಯಲಿಲ್ಲ.

ಹದಿನೇಳನೆಯ ದಿನ ಇನ್ಸ್‌ಪೆಕ್ಟರು ಮರಳಿ ಬಂದರು. ತೋಳಿನ ಗುಂಡನ್ನು ಒಳಕ್ಕೆ ಸರಿಸಿ ಮುಚ್ಚಳ ಎಪ್ಪತ್ತಕ್ಕೇ ಏಳುವಂತೆ ಮಾಡಿದರು. ಈ ಸಲ ಉಗಿಯ ಪರೀಕ್ಷೆ. ಹೆಂಗಸರನ್ನೆಲ್ಲ ದೂರ ಬೇವಿನ ಮರದ ಕೆಳಗೆ ನಿಲ್ಲಿಸಿ, ರೇವಣಪ್ಪ ಒಬ್ಬನೇ ಒಲೆಯ ಮುಂದೆ, ಮುದುಕರು ಅವನ ಪಕ್ಕ. ನೀರು ಕುದಿಯಿತು. ಬಾಯ್ಲರಿನ ಒಳಗಿನಿಂದ ಆ ಹಳೆಯ ಗುಡುಗುಡು ಎದ್ದಿತು. ಮುಳ್ಳು ನಲವತ್ತು, ಐವತ್ತು, ಅರವತ್ತು. ತೋಳು ಬರಿದಾಗಿ ನಿಂತಿತ್ತು. ಅದರಲ್ಲಿ ಈಗ ಎಚ್ಚರಿಸುವ ಸದ್ದಿಲ್ಲ, ದೇವರ ಗುರುತಿಲ್ಲ. ಏಳದಿದ್ದರೆ? ಅರವತ್ತೈದು. ಅರವತ್ತೆಂಟು. ರೇವಣಪ್ಪ ಮುದುಕರ ಮುಖ ನೋಡಿದ. ಅವರು ಓಡಲಿಲ್ಲ, ಅವನೂ ಓಡಲಿಲ್ಲ.

ಎಪ್ಪತ್ತಕ್ಕೆ ಮುಚ್ಚಳ ಒಮ್ಮೆ ಬುಸ್ ಎಂದಿತು. ಮರುಕ್ಷಣ ಬಾಯ್ಲರು ಬಾಯಿ ತೆರೆಯಿತು.

ಅಂಥ ಸದ್ದು ಉದಗೀರ ಕೇಳಿರಲಿಲ್ಲ. ತೋಳು ಮೇಲಕ್ಕೆ ಎದ್ದಿತು, ಬಿಳಿಯ ಉಗಿಯ ಕಂಬ ಛಾವಣಿಯ ಕಿಂಡಿಯಿಂದ ನುಗ್ಗಿ ಚಿಮಣಿಗಿಂತ ಎತ್ತರಕ್ಕೆ ಏರಿ ಬೆಳಗಿನ ಬಿಸಿಲಿನಲ್ಲಿ ನಿಂತಿತು. ನೆಲ ನಡುಗಿತು. ಹೊರಗೆ ನಿಲಂಗಾದಿಂದ ಹತ್ತಿ ತಂದ ಬಂಡಿಗಳ ಎತ್ತುಗಳು ಹಗ್ಗ ಹರಿದು ಓಡಿದವು, ಕೋಟೆಯ ಗೋಡೆಯ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಬೇವಿನ ಮರದ ಕೆಳಗೆ ಮೂವತ್ತು ಹೆಂಗಸರು ಕೈ ಮುಗಿದು ನಿಂತರು, ಯಾರಿಗೆ ಎಂದು ಯಾರನ್ನೂ ಕೇಳುವ ಹಾಗಿರಲಿಲ್ಲ. ರೇವಣಪ್ಪ "ಶಿವಾ" ಎಂದ. ತನ್ನ ದನಿ ತನಗೇ ಕೇಳಿಸಲಿಲ್ಲ. ಇಷ್ಟು ದೊಡ್ಡ ದನಿಯನ್ನು ಅವನು ಕಿಣಿಕಿಣಿ ಎಂದುಕೊಂಡು ಇಷ್ಟು ವರ್ಷ ಕಳೆದಿದ್ದ. ಹೆದರಿಕೆಯೋ ಸಂತೋಷವೋ ತಿಳಿಯದೆ ಅವನ ಕಣ್ಣಿನಿಂದ ನೀರು ಹರಿಯಿತು.

ಮುಳ್ಳು ಅರವತ್ತೇಳಕ್ಕೆ ಇಳಿದಾಗ ಮುಚ್ಚಳ ತಾನಾಗಿಯೇ ಕೂತಿತು. ಯಾರೂ ಮುಟ್ಟಿರಲಿಲ್ಲ. ಮುದುಕರು ಸುಮ್ಮನೆ ತೋಳಿಗೆ ಸೀಸದ ಮೋಹರು ಒತ್ತಿ, ಶೇರವಾನಿ ಹಾಕಿಕೊಂಡು, ಈಗ ಫಳಾರ ಎಂದು ಹೊರಟರು.

ಹೆಂಗಸರು ಒಳಗೆ ಬಂದರು. ಪ್ರಯಾಗಬಾಯಿ ಅಪ್ಪನ ಹತ್ತಿರ ನಿಂತು ಅವನ ಮುಖ ನೋಡಿ ಕೇಳಿದಳು, "ಅಪ್ಪಾ, ಅಂಜಿಕಿ ಆತೇನು?"

"ಹೂಂ," ಎಂದ ರೇವಣಪ್ಪ. "ಇಷ್ಟು ವರ್ಷ ಅಂಜಬೇಕಾಗಿತ್ತವ್ವ, ಅಂಜಲಿಲ್ಲ. ಇವತ್ತ ಅಂಜೀನಿ. ಹೋಗು, ಈಗ ನಿನ್ನ ಜಾಗಾದಾಗ ಕೂಡು."

ಅವಳು ಗೋಡೆಯ ಆಚೆಗೆ ಹೋಗಿ ಕೂತಳು. ರೇವಣಪ್ಪ ಮುಳ್ಳನ್ನೇ ನೋಡುತ್ತ ಒಂದೇ ಒಂದು ಕಟ್ಟಿಗೆ ಒಲೆಗೆ ಹಾಕಿದ.